ಗೋಡೆ ಮೇಲೊಂದು ರೋಮಿನ ರಸ್ತೆ

ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕಿದ ಚಿತ್ರಕ್ಕೆ ಕಟ್ಟು ಹಾಕಿಸಲು ಮೊನ್ನೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿದ್ದೆ. ರೋಮಿನ ಹಳೇ ಆಪಿಯನ್ ರಸ್ತೆಯ ಚಿತ್ರ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದದ್ದು.

ಅಂಗಡಿಯವರು ಕತ್ತರಿ ಹಿಡಿದು, "ಅಂಚು ಜಾಸ್ತಿ ಇದೆ ಸಾರ್, ಕಟ್ ಮಾಡ್ಲಾ?" ಅಂದರು. ಎದೆ ಧಸಕ್ಕೆಂದಿತು. ಮಜಾ ಇರೋದೇ ಆ ಅಂಚಿನಲ್ಲಿ. ಬೆರಳಾಡಿಸಿದರೆ ಚಿತ್ರದ ಸುತ್ತ ಸಣ್ಣ ತಗ್ಗು ಸಿಗುತ್ತದೆ. ತಗಡು ಒತ್ತಿದ ಗುರುತು ಅದು. ಸುಮ್ನೆ ಕತ್ತರಿಸಿ ಬಿಸಾಡೋದಾ?

ಕ್ರಿ.ಪೂ. 312ರಲ್ಲಿ ಆಪಿಯಸ್ ಕ್ಲಾಡಿಯಸ್ ಎಂಬ ರೋಮನ್ ಅಧಿಕಾರಿ ಶುರು ಮಾಡಿಸಿದ ರಸ್ತೆ ಇದು. ಮೊದಲು ಕಾಪುವಾ ಊರಿನ ತನಕ, ಆಮೇಲೆ ಕಡಲಂಚಿನ ಬ್ರಿಂಡಿಸಿವರೆಗೆ. 2024ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಚಿತ್ರದ ಎಡಕ್ಕೆ ಸಿಸಿಲಿಯಾ ಮೆಟೆಲ್ಲಾ ಎಂಬಾಕೆಯ ದುಂಡನೆ ಗೋರಿ ಇದೆ. ಅತ್ತೆ ಅದನ್ನು ನೀರಿನ ಟ್ಯಾಂಕ್ ಅಂದುಕೊಂಡಿದ್ದರು!

ಅಪ್ಪ ನೋಡಿದ್ದು ರಸ್ತೆ ಮಾತ್ರ. ನಾಲ್ಕು ಮೀಟರ್ ಅಗಲ, ಎರಡು ಗಾಡಿ ಎದುರುಬದುರು ಹೋಗಬಹುದು. ಕಪ್ಪು ಲಾವಾ ಕಲ್ಲಿನ ಹಾಸು. ನೀರು ಪಕ್ಕಕ್ಕೆ ಹರಿಯಲಿ ಅಂತ ನಡುವೆ ಉಬ್ಬು. "ನಮ್ಮ ತೋಟದ ದಾರಿಗೂ ಹೀಗೇ ಮಾಡ್ಬೇಕಿತ್ತು ಮಾರಾಯ" ಅಂದರು. ಹೋದ ಮಳೆಗಾಲದಲ್ಲಿ ಎರಡು ಲೋಡ್ ಜಲ್ಲಿ ಹಳ್ಳಕ್ಕೆ ಹೋಗಿತ್ತಲ್ಲ, ಆ ಹೊಟ್ಟೆಯುರಿ.

ಕಾಗದದ ಮೇಲೆ ಆಗಲೇ ಕಂದು ಚುಕ್ಕೆ ಎದ್ದಿವೆ. ಮಲೆನಾಡಿನ ಥಂಡಿ ಯಾರನ್ನು ಬಿಟ್ಟಿದೆ? ಜಗಲಿಯ ಹೊರಗೋಡೆ ಬೇಡವೆಂದು ನಡುಮನೆಯ ಒಳಗೋಡೆಗೇ ತೂಗುಹಾಕಿದೆ, ಗಾಳಿಯಾಡಲಿ ಅಂತ ಹಿಂದೆ ಎರಡು ಬಿರಡೆ ಚೂರು ಅಂಟಿಸಿ.