ಸ್ಟಾಫಾ ದ್ವೀಪದಲ್ಲಿ ಒಂದು ಗಂಟೆ

ಉಡುಪಿ ಕಡೆಯವರಿಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಹೊಸದಲ್ಲ, ಆದ್ರೆ ಅದೇ ಥರದ್ದು ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲೂ ಇದೆ ಅಂತ ಗೊತ್ತಾದಾಗಿನಿಂದ ನಂಗೆ ಸ್ಟಾಫಾ ನೋಡೋ ಹುಚ್ಚು. ಗ್ಲಾಸ್ಗೋದಲ್ಲಿರೋ ಅಕ್ಕನ ಮನೆಗೆ ಜೂನಲ್ಲಿ ಹೋದಾಗ ಭಾವನ್ನ ಬಿಡದೆ ಹೊರಡಿಸಿದೆ.

ಓಬನ್‌ನಿಂದ ಫೆರಿಯಲ್ಲಿ ಮಲ್ ದ್ವೀಪಕ್ಕೆ ಹೋಗಿ, ಒಂದೇ ಗಾಡಿ ಹಿಡಿಸೋ ರೋಡಲ್ಲಿ ಎದುರಿಗೆ ಬಂದೋರಿಗೆಲ್ಲ ಸೈಡ್ ಕೊಡ್ತಾ ಫಿನ್ನಫೋರ್ಟ್ ಮುಟ್ಟಿದ್ವಿ, ಅಲ್ಲಿಂದ ಸಣ್ಣ ಬೋಟು. ಕಡಲು ಎದ್ದಿದ್ರೆ ದ್ವೀಪಕ್ಕೆ ಇಳಿಸೋದೇ ಇಲ್ಲ, ಸುತ್ತು ಹಾಕ್ಸಿ ವಾಪಸ್ ಕರ್ಕೊಂಡ್ಬರ್ತಾರೆ, ಹಾಗಾಗಿ ಇಳಿಯೋ ತನಕ ನಂಗೆ ಸಮಾಧಾನ ಇರ್ಲಿಲ್ಲ.

ಹತ್ರ ಹೋದ ಹಾಗೆ ಕಪ್ಪು ಕಂಬಗಳ ಗೋಡೆ ನೀರಿಂದ ನೆಟ್ಟಗೆ ಎದ್ದು ನಿಂತಿದೆ. ಸುಮಾರು 6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ನಿಧಾನಕ್ಕೆ ಆರುವಾಗ ಕುಗ್ಗಿ, ಬತ್ತಿದ ಕೆರೆ ಕೆಸರಿನ ಹಾಗೆ ಬಿರುಕು ಬಿಟ್ಟು, ಆ ಬಿರುಕು ಕೆಳಗಿನವರೆಗೂ ಇಳಿದು ಈ ಕಂಬಗಳಾಗಿವೆ. ಹೆಚ್ಚಿನವು ಆರು ಮೂಲೆಯವು, ಐದರವೂ ಇವೆ. ಮಲ್ಪೆಯದ್ದು ಇದಕ್ಕಿಂತ ಹಳೇದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಮುರಿದ ಕಂಬಗಳ ತಲೆ ಮೇಲೇ ಕಾಲಿಟ್ಟು, ಗೋಡೆಗೆ ಕಟ್ಟಿದ ಹಗ್ಗ ಹಿಡ್ಕೊಂಡು ಫಿಂಗಲ್ಸ್ ಕೇವ್ ಒಳಗೆ ಹೋದ್ರೆ ಒಂದೊಂದು ಅಲೆ ಬಂದಾಗ್ಲೂ ಗುಹೆ ತುಂಬ ಸದ್ದು, ಎದೆಗೇ ತಾಗುತ್ತೆ. 1829ರಲ್ಲಿ ಜರ್ಮನಿಯ ಸಂಗೀತ ರಚನಕಾರ ಮೆಂಡೆಲ್ಸನ್ ಇಲ್ಲಿಗೆ ಬಂದಿದ್ದ, ಸಂಗೀತಗಾರನಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ ಅನ್ನಿಸ್ತು.

ಆದ್ರೆ ನನ್ನ ಮನಸ್ಸು ಕದ್ದಿದ್ದು ಮೇಲಿನ ಹುಲ್ಲುಗಾವಲು, ಅಲ್ಲಿ ಬಿಲದೊಳಗೆ ಮರಿ ಮಾಡೋ ಪಫಿನ್ ಅನ್ನೋ ಸಣ್ಣ ಕಡಲಕ್ಕಿಗಳು. ಬೋಟಿನವರು "ಬಂಡೆ ಅಂಚಿನ ಹತ್ರ ಸುಮ್ಮನೆ ಕೂತ್ಕೊಳ್ಳಿ, ಅವೇ ಬರ್ತಾವೆ" ಅಂದಿದ್ರು. ಜನ ಇದ್ರೆ ಇವಕ್ಕೆ ಕಾಟ ಕೊಡೋ ದೊಡ್ಡ ಕಡಲಕ್ಕಿಗಳು ಹತ್ರ ಸುಳಿಯಲ್ಲ, ಅದಕ್ಕೇ ಪಫಿನ್‌ಗಳಿಗೆ ಮನುಷ್ಯರ ಪಕ್ಕ ಧೈರ್ಯ. ಕೂತು ಸ್ವಲ್ಪ ಹೊತ್ತಿಗೆ ಕಡಲಿಂದ ಒಂದೊಂದೇ ರೆಕ್ಕೆ ಬಡೀತಾ ಬಂದು ದಪ್ಪ್ ಅಂತ ಇಳಿದ್ವು. ಒಂದು ಅಕ್ಕನ ಶೂ ಪಕ್ಕದಲ್ಲೇ ನಿಂತಿತ್ತು, ಕಿತ್ತಳೆ ಕಾಲು, ಬಣ್ಣದ ಪಟ್ಟೆಯ ಕೊಕ್ಕಲ್ಲಿ ಬೆಳ್ಳಿ ಥರ ಹೊಳೆಯೋ ಸಣ್ಣ ಮೀನುಗಳು ಅಡ್ಡಡ್ಡಕ್ಕೆ ಸಾಲಾಗಿ ನೇತಾಡ್ತಿವೆ, ನಮ್ಮನ್ನೊಂದ್ಸಲ ನೋಡಿ ಸರಕ್ಕನೆ ಬಿಲದೊಳಗೆ ಹೋಯ್ತು. ಒಳಗೆ ಮರಿ, ವರ್ಷಕ್ಕೆ ಒಂದೇ ಮೊಟ್ಟೆ ಇಡೋದು. ಅಕ್ಕ ಉಸಿರು ಬಿಗಿಹಿಡಿದು "ಅಲ್ಲಾಡ್ಬೇಡ ಕಣೇ" ಅಂತ ನನ್ನ ಕೈ ಒತ್ತಿ ಹಿಡ್ಕೊಂಡಿದ್ಲು.

ಇಳಿಸೋದು ಒಂದು ಗಂಟೆಗೆ, ಸಾಲದೇ ಸಾಲದು. ಹೋಗೋರು ಮೊದಲು ಮೇಲೆ ಹತ್ತಿ, ಗುಹೆ ಆಮೇಲೆ ನೋಡಿ. ಆಗಸ್ಟಿಗಂತೂ ಕಾಯ್ಲೇಬೇಡಿ, ಅಷ್ಟೊತ್ತಿಗೆ ಪಫಿನ್‌ಗಳು ಬಿಲ ಬಿಟ್ಟು ಕಡಲಿಗೆ ಹೋಗಿರ್ತಾವೆ, ಮತ್ತೆ ನೆಲಕ್ಕೆ ಬರೋದು ಮುಂದಿನ ವಸಂತಕ್ಕೇ.