ನಮ್ಮ ದೋಸೆ ಹಿಟ್ಟಿನಲ್ಲೂ ಮ್ಯಾನ್ಮಾರ್ ಇದೆ

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ದೋಸೆ ಹಿಟ್ಟಿನ ಅಂಗಡಿ. ಉದ್ದಿನಬೇಳೆ ಎಲ್ಲಿ ಬೆಳೆದದ್ದು ಅಂತ ಹಿಟ್ಟು ಕೊಳ್ಳುವವರು ಯಾರೂ ಕೇಳುವುದಿಲ್ಲ. ಚೆನ್ನಾಗಿ ಉಬ್ಬಿದೆಯಾ, ಹುಳಿ ಜಾಸ್ತಿ ಆಗಿಲ್ಲ ತಾನೆ, ಇಷ್ಟೇ. ನಾನು ಮಾತ್ರ ಸಂತೇಪೇಟೆಯ ಮಂಡಿಯಲ್ಲಿ ತಪ್ಪದೆ ಕೇಳುತ್ತೇನೆ. ಬೇಳೆ ಬದಲಾದರೆ ರುಬ್ಬುವಾಗ ಹಾಕುವ ನೀರೂ ಬದಲಾಗಬೇಕು. ಗ್ರೈಂಡರ್ ಪಕ್ಕ ಒಂದು ಲೋಟ ನೀರು ಇಟ್ಟುಕೊಂಡಿರುತ್ತೇನೆ. ರುಬ್ಬಿದ ಉದ್ದನ್ನು ಒಂದು ಚಿಟಿಕೆ ಅದರಲ್ಲಿ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಬೇಕು ಅಂತ ಅರ್ಥ.

"ಇದು ಬರ್ಮಾ ಮಾಲು ಕಣಮ್ಮ, ಎಸ್‌ಕ್ಯೂ. ಚೆನ್ನೈಗೆ ಹಡಗಲ್ಲಿ ಬರೋದು. ಕಾಳು ದಪ್ಪ" ಅಂತಾರೆ ಮಂಡಿಯ ಶೆಟ್ಟರು. ಎಸ್‌ಕ್ಯೂ ಅಂದರೆ ಸ್ಪೆಷಲ್ ಕ್ವಾಲಿಟಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದ್ದು ಎಫ್‌ಎಕ್ಯೂ, ಅಂದರೆ ಸಾಧಾರಣ ಗುಣಮಟ್ಟದ್ದು. ನಮ್ಮ ದೇಶ ಹೊರಗಿಂದ ತರಿಸುವ ಉದ್ದಿನಲ್ಲಿ ಬಹುಪಾಲು ಬರ್ಮಾದ್ದೇ, ಅಂದರೆ ಈಗಿನ ಮ್ಯಾನ್ಮಾರ್‌ನದ್ದೇ. ಅಲ್ಲಿನ ಇರಾವತಿ, ಬಗೋ ಪ್ರಾಂತ್ಯಗಳ ಕಡೆಯ ರೈತರು ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಉದ್ದು ಹಾಕುತ್ತಾರೆ. ತಮಾಷೆ ಏನಂದರೆ, ಅಲ್ಲಿನ ಜನ ಉದ್ದನ್ನು ಅಷ್ಟಾಗಿ ತಿನ್ನುವುದಿಲ್ಲ. ಬೆಳೆಯುವುದೇ ನಮಗೆ ಮಾರುವುದಕ್ಕೆ.

2021ರ ಫೆಬ್ರವರಿ 1ರಂದು ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಮಾರ್ಚ್ 27ರಂದು ರಾಜಧಾನಿ ನೇಪಿಡಾದಲ್ಲಿ ಸೇನಾ ದಿನದ ಪೆರೇಡ್. ಅದೇ ದಿನ ಬೇರೆ ಬೇರೆ ಊರುಗಳ ಬೀದಿಗಳಲ್ಲಿ 100ಕ್ಕೂ ಹೆಚ್ಚು ಜನರನ್ನು ಸೈನಿಕರು ಕೊಂದರು. ಪೆರೇಡಿಗೆ ಪ್ರತಿನಿಧಿ ಕಳಿಸಿದ ಎಂಟು ದೇಶಗಳಲ್ಲಿ ನಾವೂ ಒಬ್ಬರು. ಚೀನಾ, ಪಾಕಿಸ್ತಾನದವರೂ ಅಲ್ಲೇ ಕೂತಿದ್ದರು. ಬೇರೆಲ್ಲೂ ಕೂಡದ ಮೂವರು ಇಲ್ಲಿ ಕೂಡಿದ್ದು ನೋಡಿ!

ಆ ವರ್ಷದ ಜೂನ್ ತಿಂಗಳು ನನಗೆ ಇನ್ನೂ ಜೀರ್ಣವಾಗಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಸೇನಾ ಆಡಳಿತವನ್ನು ಖಂಡಿಸುವ ನಿರ್ಣಯ ಬಂತು. ಮ್ಯಾನ್ಮಾರ್‌ಗೆ ಆಯುಧ ಹೋಗದಂತೆ ತಡೆಯಿರಿ ಅಂತಲೂ ಅದರಲ್ಲಿತ್ತು. 119 ದೇಶ ಪರ, ಬೆಲಾರಸ್ ಒಂದೇ ವಿರೋಧ, 36 ದೇಶ ಮತ ಹಾಕಲಿಲ್ಲ. ಆ 36ರಲ್ಲಿ ಭಾರತವೂ ಇತ್ತು. ನಮ್ಮ ಅಭಿಪ್ರಾಯ ಕರಡಿನಲ್ಲಿ ಬಂದಿಲ್ಲ ಅಂತ ನಮ್ಮವರು ಕಾರಣ ಕೊಟ್ಟರು. ಅದೇ ತಿಂಗಳು ಅದೇ ಆಡಳಿತದ ಜೊತೆ ಇನ್ನೊಂದು ಒಪ್ಪಂದವಾಯಿತು. ಐದು ವರ್ಷ, ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದು, ಒಂದು ಲಕ್ಷ ಟನ್ ತೊಗರಿ.

ಬೇಳೆ ರೈತರದ್ದು, ಸೇನೆಗೇನು ಸಂಬಂಧ ಅನ್ನಬಹುದು. ಸಂಬಂಧ ಇದೆ. ರಫ್ತು ಮಾಡಿ ಬಂದ ಡಾಲರನ್ನು ತಾನು ಹೇಳಿದ ದರಕ್ಕೆ ಅಲ್ಲಿನ ದುಡ್ಡು ಕ್ಯಾತ್‌ಗೆ ಬದಲಾಯಿಸಿಕೊಳ್ಳಲೇಬೇಕು ಅಂತ 2022ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಆದೇಶ ಹೊರಡಿಸಿತು. ಹೊರಗಿನ ದರ ಅದಕ್ಕಿಂತ ಜಾಸ್ತಿ. ನಡುವಿನ ವ್ಯತ್ಯಾಸದಲ್ಲಿ ನಷ್ಟ ಮಾರುವವನಿಗೆ, ಡಾಲರ್ ಆಡಳಿತ ನಡೆಸುವವರಿಗೆ. ಆ ಡಾಲರಿನಿಂದ ಏನೇನು ಕೊಳ್ಳುತ್ತಾರೆ ಅನ್ನುವುದು ಗುಟ್ಟೇನಲ್ಲ. 2023ರ ಏಪ್ರಿಲ್‌ನಲ್ಲಿ ಸಗಾಯಿಂಗ್ ಪ್ರಾಂತ್ಯದ ಪಝಿಜಿ ಅನ್ನುವ ಹಳ್ಳಿಯಲ್ಲಿ ಜನ ಸೇರಿದ್ದ ಜಾಗಕ್ಕೆ ವಿಮಾನದಿಂದ ಬಾಂಬ್ ಹಾಕಿದರು. 160ಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಸೇರಿ. ಸಗಾಯಿಂಗ್ ಅಂದರೆ ನಮ್ಮ ಮಣಿಪುರದ ಪಕ್ಕದ ಪ್ರಾಂತ್ಯ.

ನಮ್ಮ ಭಾವನಿಗೆ ಇದೆಲ್ಲ ಹೇಳಿದರೆ ನಗುತ್ತಾರೆ. "ನಾವು ಬಿಟ್ರೆ ಚೀನಾ ಹಿಡ್ಕೊಳ್ಳತ್ತೆ. ಈಶಾನ್ಯದ ಉಗ್ರರು ಆ ಕಾಡಲ್ಲಿ ಅಡಗ್ತಾರೆ. ಸೇನೆ ಜೊತೆ ಚೆನ್ನಾಗಿರಲೇಬೇಕು." ಮಾತು ಪೂರ್ತಿ ಸುಳ್ಳಲ್ಲ. 1988ರಲ್ಲಿ ದೆಹಲಿ ಅಲ್ಲಿನ ಪ್ರಜಾಪ್ರಭುತ್ವ ಚಳವಳಿಗಾರರ ಪರ ನಿಂತಿತ್ತು. ಆಕಾಶವಾಣಿಯ ಬರ್ಮೀ ಪ್ರಸಾರ ಜನರಲ್‌ಗಳನ್ನು ಜಾಡಿಸುತ್ತಿತ್ತು. ಆ ಚಳವಳಿಯ ನಾಯಕಿ ಆಂಗ್ ಸಾನ್ ಸೂಕಿಗೆ ನೆಹರು ಪ್ರಶಸ್ತಿಯನ್ನೂ ಕೊಟ್ಟೆವು. (ಅದೇ ಸೂಕಿ 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ರೊಹಿಂಗ್ಯಾ ವಿಷಯದಲ್ಲಿ ಸೇನೆಯ ಪರ ವಾದಿಸಿದ್ದನ್ನು ನಾನು ಮರೆತಿಲ್ಲ.) ತೊಂಬತ್ತರ ದಶಕದಲ್ಲಿ ನಮ್ಮವರು ಲೆಕ್ಕ ಹಾಕಿ ಸೇನೆಯ ಕಡೆ ವಾಲಿದರು.

ಸರಿ, ಆ ಲೆಕ್ಕವನ್ನೇ ನೋಡೋಣ. ಚೀನಾದ ತೈಲ, ಅನಿಲ ಪೈಪ್‌ಲೈನ್ ಮ್ಯಾನ್ಮಾರ್‌ನ ಚಾಕ್‌ಪ್ಯೂ ಕರಾವಳಿಯಿಂದ ಚೀನಾದ ಯುನ್ನಾನ್‌ವರೆಗೆ ಯಾವತ್ತೋ ಹೋಗಿ ಆಯಿತು. ಮ್ಯಾನ್ಮಾರ್ ಮೂಲಕ ಸರಕು ಸಾಗಿಸುವ ನಮ್ಮ ಕಲಾದಾನ್ ಯೋಜನೆಗೆ ಸಹಿ ಬಿದ್ದದ್ದು 2008ರಲ್ಲಿ. ಕೋಲ್ಕತ್ತದಿಂದ ಸಿತ್ವೆ ಬಂದರು, ಅಲ್ಲಿಂದ ನದಿಯಲ್ಲಿ ಪಲೆತ್ವಾ, ಆಮೇಲೆ ರಸ್ತೆಯಲ್ಲಿ ಮಿಜೋರಾಂ. 2024ರ ಜನವರಿಯಲ್ಲಿ ಪಲೆತ್ವಾ ಊರನ್ನೇ ಸೇನೆಯ ವಿರುದ್ಧ ಹೋರಾಡುವ ಬಂಡುಕೋರ ಪಡೆ ಅರಾಕಾನ್ ಆರ್ಮಿ ವಶ ಮಾಡಿಕೊಂಡಿತು. ಯಾರನ್ನು ಮೆಚ್ಚಿಸಲು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆವೋ ಅವರ ಕೈಯಲ್ಲಿ ಆ ಊರೇ ಇಲ್ಲ! ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ಬಾಬ್ತು ಅಲ್ವಾ?

ಇನ್ನು ಓಡಿ ಬಂದವರ ವಿಷಯ. 2021ರ ಮಾರ್ಚ್‌ನಲ್ಲೇ ಕೇಂದ್ರ ಗೃಹ ಇಲಾಖೆ ಗಡಿ ರಾಜ್ಯಗಳಿಗೆ, ಬರುವವರನ್ನು ತಡೆಯಿರಿ ಅಂತ ಪತ್ರ ಬರೆಯಿತು. ಮಿಜೋರಾಂ ಕೇಳಲಿಲ್ಲ. ಅಲ್ಲಿನ ಜನ, ಚರ್ಚುಗಳು ಸೇರಿ ಮ್ಯಾನ್ಮಾರ್‌ನಿಂದ ಓಡಿ ಬಂದ ಚಿನ್ ಸಮುದಾಯದ 30 ಸಾವಿರಕ್ಕೂ ಹೆಚ್ಚು ಜನರಿಗೆ ಜಾಗ ಕೊಟ್ಟರು, ಊಟ ಹಾಕಿದರು. ಮೈಸೂರಿನವರಿಗೆ ಇದು ಹೊಸದಲ್ಲ. ಪಿರಿಯಾಪಟ್ಟಣದ ಕಡೆ ಹೋದರೆ ಬೈಲಕುಪ್ಪೆ ಸಿಗುತ್ತದೆ. 1960ರ ಹೊತ್ತಿಗೆ ಅಂದಿನ ಮೈಸೂರು ರಾಜ್ಯ ಟಿಬೆಟಿಯನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಚೀನಾಕ್ಕೆ ಸಿಟ್ಟು ಬರುತ್ತೆ ಅಂತ ಆಗಲೂ ಗೊತ್ತಿತ್ತು.

ಹಾಗಾದರೆ ಬರ್ಮಾ ಉದ್ದು ಕೊಳ್ಳುವುದನ್ನು ಬಿಡ್ತೀಯಾ ಅಂತ ಭಾವ ಕೆಣಕಿದರು. ಬಿಡುವುದಿಲ್ಲ. ನಾನು ಬಿಟ್ಟರೆ ಮೊದಲು ಪೆಟ್ಟು ಬೀಳುವುದು ಬಗೋದ ರೈತನಿಗೆ, ನೇಪಿಡಾದ ಜನರಲ್‌ಗಲ್ಲ. ಆದರೆ ಬೇಳೆ ಕೊಳ್ಳುವುದು ಬೇರೆ, ಆಯುಧ ಮಾರುವುದು ಬೇರೆ. ಸೇನೆ ಬಂದ ಮೇಲಿನ ಎರಡು ವರ್ಷದಲ್ಲಿ ಭಾರತದ ಕಂಪನಿಗಳಿಂದ, ಸರ್ಕಾರಿ ಕಂಪನಿಗಳೂ ಸೇರಿ, ಸುಮಾರು 5.1 ಕೋಟಿ ಡಾಲರಿನ ಆಯುಧ ಮತ್ತು ಸಾಮಗ್ರಿ ಅಲ್ಲಿಗೆ ಹೋಗಿದೆ ಅಂತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರಲ್ಲಿ ಬರೆದರು. ರಷ್ಯಾ, ಚೀನಾಗಳ ಲೆಕ್ಕದ ಮುಂದೆ ಇದು ಸಣ್ಣದು. ಸಣ್ಣದಾದ್ದರಿಂದಲೇ ನಿಲ್ಲಿಸಲು ಕಷ್ಟ ಇಲ್ಲ.

ನಮ್ಮ ಸಂಸದರಿಗೆ ಒಂದು ಪತ್ರ ಬರೆದಿದ್ದೇನೆ. ಎರಡು ಕೇಳಿದ್ದೇನೆ: ಆ ಸಾಮಗ್ರಿಗೆ ಈಗಲೂ ರಫ್ತು ಪರವಾನಗಿ ಕೊಡುತ್ತಿದ್ದಾರಾ, ಮಿಜೋರಾಂಗೆ ನಿರಾಶ್ರಿತರ ಖರ್ಚಿಗೆ ಕೇಂದ್ರ ಎಷ್ಟು ಕೊಟ್ಟಿದೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.