ಕಾಫಿ ಕಣದಲ್ಲಿ ಎಸ್ಟೀಮ್

ಆಗಸ್ಟ್‌ನಿಂದ ನವೆಂಬರ್ ತನಕ ನಮ್ಮ ಕಾಫಿ ಕಣದ ಮಧ್ಯ ಒಂದು ಹಳೇ ಮಾರುತಿ ಎಸ್ಟೀಮ್ ಕಾರು ಸಿಲ್ವರ್ ಓಕ್ ದಿಮ್ಮಿ ಮೇಲೆ ಕೂತಿತ್ತು, ಮೇಲೊಂದು ಟಾರ್ಪಾಲು. ಅಪ್ಪ ದಿನಾ ಬೆಳಿಗ್ಗೆ ಲೋಟ ಹಿಡ್ಕೊಂಡು ಬಂದು ಅದರ ಸುತ್ತ ಒಂದು ರೌಂಡ್ ಹಾಕಿ "ಕುಯ್ಲು ಶುರು ಆಗೋದ್ರೊಳಗೆ ಕಣ ಖಾಲಿ ಆಗ್ಬೇಕು, ಆಯ್ತಾ" ಅಂದು ಹೋಗೋರು. ಬೈಯ್ಯಲಿಲ್ಲ, ಅದೇ ದೊಡ್ಡದು.

ನಮ್ಮ ಕಡೆ ಭತ್ತ ಕುಯ್ದ ಗದ್ದೆಯಲ್ಲಿ ಆಟೋಕ್ರಾಸ್ ಕಾರ್ ರೇಸ್ ನೋಡಿ ಬೆಳೆದವರಿಗೆ ಕಾರ್ ಹುಚ್ಚು ಹೊಸದಲ್ಲ. ನಂಗೆ ಮಾತ್ರ ಮಣ್ಣಲ್ಲ, ಟಾರ್ ಟ್ರ್ಯಾಕ್ ಬೇಕಿತ್ತು. ವಿರಾಜಪೇಟೆ ಕಡೆ 45 ಸಾವಿರಕ್ಕೆ ಈ ಗಾಡಿ ಸಿಕ್ತು. 1298 ಸಿಸಿ, ಪೆಟ್ರೋಲ್ ಇಂಜೆಕ್ಟ್ ಮಾಡೋ (ಎಂಪಿಎಫ್‌ಐ) ಇಂಜಿನ್, ಹೊಸದರಲ್ಲಿ 85 ಎಚ್‌ಪಿ, ತೂಕ 900 ಕೆಜಿ ಒಳಗೆ, ಇಷ್ಟು ದುಡ್ಡಿಗೆ ಇನ್ನೇನು ಬೇಕು ಹೇಳಿ. ಫ್ರೆಂಡ್ಸ್ ಎಲ್ಲ ಕೇಳಿದ್ದು ಒಂದೇ, ಸೈಲೆನ್ಸರ್ ಯಾವ್ದು ಹಾಕ್ತೀಯ, ಫಿಲ್ಟರ್ ಯಾವ್ದು ಅಂತ. ನಾನು ಇಂಜಿನ್‌ಗೆ ಟೈಮಿಂಗ್ ಬೆಲ್ಟು, ಪ್ಲಗ್ಗು, ಆಯಿಲ್ ಬಿಟ್ರೆ ಒಂದು ರೂಪಾಯಿ ಹಾಕಲಿಲ್ಲ. ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಹಳೇ ಓನರ್‌ಗೇ ಗೊತ್ತಿರಲಿಲ್ಲ.

ದುಡ್ಡೆಲ್ಲ ತಿಂದಿದ್ದು ತುಕ್ಕು. ಕೊಡಗಿನ ಮಳೆಗೆ ಹತ್ತು ಹದಿನೈದು ವರ್ಷ ಹೊರಗೆ ನಿಂತ ಗಾಡಿ, ಮೇಲೆ ಪೇಂಟ್ ಫಳಫಳ ಅಂತಿದೆ, ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಲ್ಲಿ ಒತ್ತಿದ್ರೆ ಫ್ಲೋರ್ ಹಪ್ಪಳ. ಮುಂದೆ ರೇಸ್‌ಗೆ ಇಳಿಬೇಕಂದ್ರೆ ದೇಶದ ಮೋಟಾರ್ ಸ್ಪೋರ್ಟ್ ನೋಡ್ಕೊಳ್ಳೋ ಎಫ್‌ಎಂಎಸ್‌ಸಿಐ ಸಂಸ್ಥೆಯ ಲೈಸೆನ್ಸ್ ಬೇಕು, ರೋಲ್ ಕೇಜ್ (ಕಾರೊಳಗೆ ಕೂರಿಸೋ ಪೈಪಿನ ಪಂಜರ) ಬೇಕು, ಆ ಕೇಜಿನ ಕಾಲು ಊರೋದೇ ಈ ಫ್ಲೋರ್ ಮೇಲೆ, ಅದು ಹಪ್ಪಳ ಆದ್ರೆ ಗಾಡಿ ಪಲ್ಟಿ ಹೊಡೆದಾಗ ಕಾಲು ಫ್ಲೋರ್ ತೂತು ಮಾಡ್ಕೊಂಡು ಕೆಳಗೆ ಹೋಗುತ್ತೆ. ಮೊದಲು ಗೇಟು ಗ್ರಿಲ್ ಮಾಡೋ ಅಣ್ಣನ್ನ ಕರೆಸಿದೆ, ಅವರ ಆರ್ಕ್ ವೆಲ್ಡಿಂಗ್‌ಗೆ ಆ ತೆಳು ಶೀಟ್ ತಡೀಲಿಲ್ಲ, ಸಣ್ಣ ತೂತು ಇದ್ದ ಕಡೆ ಹತ್ತು ರೂಪಾಯಿ ನಾಣ್ಯ ತೂರೋ ಅಷ್ಟು ದೊಡ್ಡದಾಯ್ತು. ತಪ್ಪು ನಂದೇ, ಅದು ತೆಳು ಶೀಟಿಗೆ ತಂತಿ ಬಿಟ್ಕೊಂಡು ಮಾಡೋ ಮಿಗ್ ವೆಲ್ಡಿಂಗ್ ಕೆಲಸ. ಆಮೇಲೆ ಮೈಸೂರಿಂದ ಒಬ್ರು ಮೆಷಿನ್ ತಂದು ಎರಡು ದಿನ ಕೂತು ತೇಪೆ ಹಾಕಿಕೊಟ್ರು.

ಹಿಂದಿನ ಸೀಟು, ಕಾರ್ಪೆಟ್ಟು, ಸ್ಟೆಪ್ನಿ, ಜಾಕು ಎಲ್ಲ ಕಿತ್ತು ಕಾಫಿ ತೂಗೋ ತಕ್ಕಡಿ ಮೇಲೇ ಇಟ್ಟೆ. 50 ಕೆಜಿಗೆ ಚೂರು ಕಮ್ಮಿ. ಅಂದ್ರೆ ಒಂದು ಮೂಟೆ ಚೆರ್ರಿ. ಸದ್ದು ತಡೆಯೋಕೆ ಫ್ಲೋರಿಗೆ ಅಂಟಿಸಿದ್ದ ಡಾಂಬರ್ ಶೀಟನ್ನ ಡ್ರೈ ಐಸ್ ಹಾಕಿ, ಚಳಿಗೆ ಗಟ್ಟಿಯಾಗಿ ಒಡೆಯೋ ಹಂಗೆ ಮಾಡಿ ತೆಗೀತಾರೆ, ಗೋಣಿಕೊಪ್ಪದಲ್ಲಿ ಡ್ರೈ ಐಸ್ ಎಲ್ಲಿಂದ ತರ್ಲಿ ಮಾರಾಯ, ಚಳಿ ಬೆಳಿಗ್ಗೆ ಆರಕ್ಕೆ ಎದ್ದು ಉಳಿ ಸುತ್ತಿಗೆಯಲ್ಲಿ ಕೆತ್ತಿದ್ದೇ.

ಆಮೇಲೆ ಬ್ರೇಕು. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುತ್ತಲ್ಲ, ಬ್ರೇಕ್ ಆಯಿಲ್ ಕೂಡ ಹಂಗೇ ಗಾಳಿಯ ತೇವ ಎಳ್ಕೊಳ್ಳುತ್ತೆ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಾಗಿದ್ರೆ ಕುದಿಯೋಕೆ ಕಮ್ಮಿ ಅಂದ್ರೂ 230 ಡಿಗ್ರಿ ಬೇಕು, ತೇವ ಕುಡಿದ ಮೇಲೆ ಅದು 155ರ ತನಕ ಇಳಿಯುತ್ತೆ. ಮಡಿಕೇರಿ ಘಾಟಿ ಇಳಿಯೋದ್ರಲ್ಲಿ ಗೊತ್ತಾಗಲ್ಲ, ಟ್ರ್ಯಾಕಲ್ಲಿ ಮೂರನೇ ಲ್ಯಾಪಿಗೆ ಒಳಗೆ ಆವಿ ಗುಳ್ಳೆ ಎದ್ದು ಪೆಡಲ್ ನೆಲಕ್ಕೆ ಹೋಗುತ್ತೆ. ನನ್ನ ಗಾಡಿಯಿಂದ ಇಳಿದಿದ್ದು ಬೆಲ್ಲದ ನೀರಿನ ಬಣ್ಣದ್ದು. ರಬ್ಬರ್ ಹೋಸ್, ಪ್ಯಾಡ್, ಶೂ ಎಲ್ಲ ಹೊಸದು. ನಾನು ಪೆಡಲ್ ತುಳಿಯೋದು, ತಂಗಿ ಚಕ್ರದ ಹತ್ರ ಹಳೇ ಆಯಿಲ್, ಗಾಳಿ ಹೊರಬಿಡೋ ನಿಪ್ಪಲ್ ಬಿಚ್ಚೋದು ಕಟ್ಟೋದು, "ಒತ್ತಿದ್ಯಾ?" "ಒತ್ತಿದೆ" ಅಂತ ಒಂದು ಸಂಜೆ ಪೂರ್ತಿ.

ಇಂಜಿನ್ ಬಿಸಿ ಹದವಾಗಿಡೋ ಥರ್ಮೋಸ್ಟಾಟ್ ಯಾರೋ ಕಿತ್ತು ಬಿಸಾಕಿದ್ರು, ರೇಡಿಯೇಟರಲ್ಲಿ ಬರೀ ಬಾವಿ ನೀರು. ಅದನ್ನೂ ಸರಿಮಾಡಿ ಕೂಲಂಟ್ ಹಾಕಿದೆ. ಟೈರ್ ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿ ನೋಡಿ, ಮೊದಲ ಎರಡು ವಾರ, ಕೊನೆ ಎರಡು ವರ್ಷ. ನಂಗೆ ಒಂದು ಕಡೆ ಆರು ವರ್ಷ ಹಳೇದನ್ನ ಹೊಸದು ಅಂತ ಕೊಡೋಕೆ ನೋಡಿದ್ರು.

ಟ್ರ್ಯಾಕ್ ಅಂದ್ರೆ ಕೊಯಮತ್ತೂರು ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ 800 ಇಂಜಿನ್ ಇಟ್ಟು ಅಗ್ಗದ ಒಂಟಿ ಸೀಟಿನ ಫಾರ್ಮುಲಾ ರೇಸ್ ಕಾರು ಕಟ್ಟಿದ ಕರಿವರ್ಧನ್ ಹೆಸರಿನ ಟ್ರ್ಯಾಕು, ನನ್ನಂಥವನ ಗಾಡಿಗೆ ಸರಿಯಾದ ಜಾಗ. ಚೆನ್ನೈ ಟ್ರ್ಯಾಕ್ ಉದ್ದ, ಬ್ರೇಕಿಗೆ ಇನ್ನೂ ಹೊಡೆತ, ಅದು ಆಮೇಲೆ ನೋಡೋಣ. ಕಾಫಿ ಸಾಗಿಸೋ 14 ಅಡಿ ಕ್ಯಾಂಟರ್‌ಗೆ, ಮೂಟೆ ಹತ್ತಿಸೋ ಮಣ್ಣಿನ ದಿಬ್ಬದಿಂದಲೇ ಕಾರನ್ನ ತಳ್ಳಿ ಹತ್ತಿಸಿದ್ವಿ, ಹಿಂದೆ ಮುಂದೆ ಗೇಣಷ್ಟೂ ಜಾಗ ಇಲ್ಲ. ದಾರಿಯಲ್ಲಿ ಸಿಗೋ ದಿಂಬಂ ಘಾಟಿಯ 27 ತಿರುವಲ್ಲೂ ನನ್ನ ಕಣ್ಣು ಕಾರು ಕಟ್ಟಿದ ಹಗ್ಗದ ಮೇಲೇ.

ಟ್ರ್ಯಾಕಲ್ಲಿ ಹತ್ತು ನಿಮಿಷಕ್ಕೆ ಎಲ್ರೂ ನನ್ನನ್ನ ದಾಟಿ ಹೋದ್ರು. ಜೋರು ಸದ್ದಿನ ಸೈಲೆನ್ಸರ್ ಹಾಕಿದ್ದ ಒಬ್ಬ ಎರಡನೇ ಸೆಷನ್ನಲ್ಲಿ ಬಾನೆಟ್ ಎತ್ತಿ ಹೊಗೆ ನೋಡ್ತಾ ನಿಂತಿದ್ದ, ನಾನು ಒಳಗೊಳಗೇ ಖುಷಿಪಟ್ಟೆ, ಸುಳ್ಳು ಯಾಕೆ. ನನ್ನ ಪೆಡಲ್ ಕೊನೇ ಸೆಷನ್ ತನಕ ಕಲ್ಲಿನ ಥರ ಇತ್ತು, ಆದ್ರೆ ಬಲ ತಿರುವಲ್ಲಿ ಹಳೇ ಸೀಟಲ್ಲಿ ಕೂರಕ್ಕಾಗದೆ ಸ್ಟೀರಿಂಗ್ ಹಿಡ್ಕೊಂಡು ನೇತಾಡ್ತಿದ್ದೆ. ಮೈ ಹಿಡಿಯೋ ಬಕೆಟ್ ಸೀಟ್ ಬೇಕು.

ವಾಪಸ್ ಬರೋವಷ್ಟರಲ್ಲಿ ಅಪ್ಪ ಕಣ ತೊಳೆಸಿದ್ರು. ಕಾರು ಈಗ ಕೊಟ್ಟಿಗೆಯಲ್ಲಿದೆ, ಅದರ ಹಿಂದಿನ ಸೀಟು ಜಗಲಿಯಲ್ಲಿ, ಅಪ್ಪ ಪೇಪರ್ ಓದೋದು ಅದರ ಮೇಲೇ ಕೂತು.